ಅಂಕಣದಲ್ಲಿ ತಾನು ಬೈದವರಿಗೆ ಕಾದಂಬರಿಯಲ್ಲಿ ಬಾಯಿ ಕೊಟ್ಟ ಬೊಲೆಸ್ವಾಫ್ ಪ್ರೂಸ್

ಪ್ರಶ್ನೆ: ಪೋಲೆಂಡಿನ ಬೊಲೆಸ್ವಾಫ್ ಪ್ರೂಸ್ ಬರೆದ ‘ಲಾಲ್ಕಾ’ (ಗೊಂಬೆ) ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ, ತುಂಬಾ ಹಿಡಿಸಿತು. ಈತ ದಶಕಗಳ ಕಾಲ ಪತ್ರಿಕೆಗೆ ವಾರದ ಅಂಕಣ ಬರೆದವನು ಅಂತ ಆಮೇಲೆ ಗೊತ್ತಾಯಿತು. ಕೆಲವರು ಈತನನ್ನು ಪ್ರಗತಿಪರ ಅನ್ನುತ್ತಾರೆ. ಇನ್ನು ಕೆಲವರು ಹೆಂಗಸರ ಬಗ್ಗೆ, ಯಹೂದಿಗಳ ಬಗ್ಗೆ, ಕ್ರಾಂತಿಕಾರಿ ಹುಡುಗರ ಬಗ್ಗೆ ಸಂಕುಚಿತವಾಗಿ ಬರೆದ ಅನ್ನುತ್ತಾರೆ. ಯಾವುದು ನಿಜ? ಅಂಕಣಗಳು ಗೊತ್ತಿದ್ದರೆ ಕಾದಂಬರಿ ಬೇರೆ ಥರ ಕಾಣುತ್ತದೆಯೇ?

ಉತ್ತರ: ಎರಡೂ ನಿಜ. ಆದರೆ ಅರ್ಧ ಪ್ರಗತಿಪರ, ಅರ್ಧ ಸಂಪ್ರದಾಯಸ್ಥ ಅಂತ ಪಾಲು ಮಾಡಿ ಕೈತೊಳೆದುಕೊಂಡರೆ ಪ್ರೂಸ್ ಅರ್ಥವಾಗುವುದಿಲ್ಲ. ಎದುರಿಗೆ ಯಾವ ವಿಷಯ ಬಂದರೂ ಈತ ಕೇಳುತ್ತಿದ್ದದ್ದು ಒಂದೇ: ಇದರಿಂದ ಯಾರಿಗೆ ಏನು ಉಪಯೋಗ? ಚರಂಡಿ, ಕುಡಿಯುವ ನೀರು, ಶಾಲೆಯ ವಿಷಯದಲ್ಲಿ ಆ ಪ್ರಶ್ನೆ ಅವನನ್ನು ತನ್ನ ಕಾಲದವರಿಗಿಂತ ಎಷ್ಟೋ ಮುಂದೆ ಕರೆದುಕೊಂಡು ಹೋಯಿತು. ಹೆಂಗಸರ ಚಳವಳಿ, ಹುಡುಗರ ಬಂಡಾಯ ಅಂದಾಗ ಅದೇ ಪ್ರಶ್ನೆ ಅವನ ಕಣ್ಣು ಕಟ್ಟಿತು. ಕಾದಂಬರಿ ಬರೆಯಲು ಕೂತಾಗ ಮಾತ್ರ ಆ ಬಿಗಿ ಸಡಿಲವಾಗುತ್ತಿತ್ತು. ಅಂಕಣದಲ್ಲಿ ಯಾರಿಗೆ ಬುದ್ಧಿ ಹೇಳಿದನೋ ಅವರಿಗೆ ಅಲ್ಲಿ ತಿರುಗಿ ಮಾತಾಡಲು ಬಿಡುತ್ತಿದ್ದ.

ಮೊದಲು ಸ್ವಲ್ಪ ಹಿನ್ನೆಲೆ. ಈತನ ನಿಜವಾದ ಹೆಸರು ಅಲೆಕ್ಸಾಂಡರ್ ಗ್ವೊವಾತ್ಸ್ಕಿ. ಹುಟ್ಟಿದ್ದು 1847ರಲ್ಲಿ, ಹ್ರುಬಿಯೆಶೂಫ್ ಅನ್ನುವ ಸಣ್ಣ ಊರಿನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡ. 1863ರಲ್ಲಿ ರಷ್ಯದ ಆಳ್ವಿಕೆಯ ವಿರುದ್ಧ ದಂಗೆ ಎದ್ದಾಗ ಶಾಲೆ ಬಿಟ್ಟು ಅದಕ್ಕೆ ಸೇರಿದ. ಹದಿನಾರು ತುಂಬಿ ಒಂದು ತಿಂಗಳೂ ಆಗಿರಲಿಲ್ಲ, ಕಾಳಗದಲ್ಲಿ ಗಾಯಗೊಂಡು ಸಿಕ್ಕಿಬಿದ್ದ. ಬಂದೂಕಿನ ಮದ್ದಿನ ಪುಡಿ ಕಣ್ಣಿಗೆ ಬಡಿದಿತ್ತು. ಆಮೇಲೆ ಲೂಬ್ಲಿನ್ ಕೋಟೆಯ ಜೈಲಿನಲ್ಲೂ ಕೆಲವು ತಿಂಗಳು ಕಳೆದ. ದಂಗೆಯಲ್ಲಿ ತೊಡಗಿಕೊಂಡಿದ್ದ ಅಣ್ಣ ಲೆಯೋನ್‌ಗೆ ಮನಸ್ಸಿನ ಕಾಯಿಲೆ ಅಂಟಿಕೊಂಡಿತು. ಹುಡುಗರು ಆವೇಶದಲ್ಲಿ ಬೀದಿಗಿಳಿದಾಗಲೆಲ್ಲ ಪ್ರೂಸ್ ಮುಖ ಗಂಟಿಕ್ಕುತ್ತಿದ್ದದ್ದು ಯಾಕೆ ಅಂತ ಕೇಳುವವರು ಇದನ್ನು ಮರೆಯಬಾರದು.

ಆಮೇಲೆ ವಾರ್ಸಾದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಕ್ಕೆ ಸೇರಿದ. ಕೈಯಲ್ಲಿ ಕಾಸಿಲ್ಲದೆ ಅರ್ಧಕ್ಕೆ ಬಿಟ್ಟ. ಮನೆಪಾಠ ಹೇಳಿದ, ಕಾರ್ಖಾನೆಯಲ್ಲಿ ದುಡಿದ, 1872ರ ಹೊತ್ತಿಗೆ ಪತ್ರಿಕೆಗಳಿಗೆ ಬರೆಯತೊಡಗಿದ. ಮನೆತನದ ಲಾಂಛನದ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ. ತಮಾಷೆ ಏನೆಂದರೆ, ಮುಂದೆ ಯಾವತ್ತಾದರೂ ಘನವಾದ ಪುಸ್ತಕ ಬರೆದರೆ ಬೇಕಾಗುತ್ತದೆ ಅಂತ ನಿಜವಾದ ಹೆಸರನ್ನು ಎತ್ತಿಟ್ಟಿದ್ದ! ಪತ್ರಿಕೆಯ ಬರಹ ಹೊಟ್ಟೆಪಾಡಿಗೆ ಅನ್ನುವುದು ಅವನ ಲೆಕ್ಕ. 1870ರ ದಶಕದ ಮಧ್ಯದಿಂದ ‘ಕುರಿಯರ್ ವಾರ್ಷಾವ್ಸ್ಕಿ’, 1887ರ ನಂತರ ‘ಕುರಿಯರ್ ತ್ಸೊಜೆನ್ನಿ’, ಕೊನೆಗಾಲದಲ್ಲಿ ‘ಟಿಗೊದ್ನಿಕ್ ಇಲುಸ್ತ್ರೊವಾನಿ’ ಹೀಗೆ ಪತ್ರಿಕೆ ಬದಲಾಯಿತು, ಅಂಕಣ ಮುಂದುವರಿಯಿತು. ‘ವಾರದ ವೃತ್ತಾಂತ’ ಅಂತ ಅದನ್ನು ಕರೆಯಬಹುದು.

ಈ ಅಂಕಣಗಳಲ್ಲಿ ಯಾಕೆ ಅಷ್ಟೊಂದು ಚರಂಡಿ, ಕಲ್ಲುಹಾಸು, ಕಸದ ಮಾತು ಅಂತ ಇವತ್ತಿನವರಿಗೆ ಅನಿಸಬಹುದು. ಕಾರಣ ಸರಳ. ಆಗಿನ ವಾರ್ಸಾದಲ್ಲಿ ಚುನಾಯಿತ ನಗರಸಭೆಯೇ ಇರಲಿಲ್ಲ. ಆಡಳಿತವೆಲ್ಲ ರಷ್ಯದ ಅಧಿಕಾರಿಗಳ ಕೈಯಲ್ಲಿ. ಶಾಲೆಯಲ್ಲಿ ಪಾಠ ರಷ್ಯನ್ ಭಾಷೆಯಲ್ಲಿ. ಪತ್ರಿಕೆ ಅಚ್ಚಾಗುವ ಮೊದಲೇ ಸೆನ್ಸಾರ್‌ನ ಮೇಜಿಗೆ ಹೋಗಬೇಕು. ಸ್ವಾತಂತ್ರ್ಯ ಅನ್ನುವ ಮಾತು ಎತ್ತುವ ಹಾಗಿಲ್ಲ, 1863ರ ದಂಗೆಯ ಹೆಸರು ಹೇಳುವ ಹಾಗಿಲ್ಲ. ಬೀದಿಯ ದೀಪ ಉರಿಯುತ್ತಿಲ್ಲ ಅಂತ ಬರೆಯಲು ಮಾತ್ರ ಅಡ್ಡಿ ಇಲ್ಲ. ಹಾಗಾಗಿ ನಗರಸಭೆಯಲ್ಲಿ ನಡೆಯಬೇಕಾದ ಜಗಳ ಪ್ರೂಸ್‌ನ ಅಂಕಣದಲ್ಲಿ ನಡೆಯುತ್ತಿತ್ತು. ಒಂದು ಅಂಕಣದಲ್ಲಿ ನಾಲ್ಕೈದು ವಿಷಯ. ಒಂದರಿಂದ ಇನ್ನೊಂದಕ್ಕೆ ನಗಿಸುತ್ತಾ ಜಾರಿ, ಮಧ್ಯೆ ಎಲ್ಲೋ ಚುಚ್ಚಿಬಿಡುತ್ತಿದ್ದ.

ಒಳಚರಂಡಿಯ ವಿಷಯವನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಲಿಂಡ್ಲಿ ನಗರಕ್ಕೆ ನೀರು ಮತ್ತು ಒಳಚರಂಡಿಯ ಯೋಜನೆ ಹಾಕಿಕೊಟ್ಟಿದ್ದ. ಅದನ್ನು ಹಟ ಹಿಡಿದು ಮಾಡಿಸಿದವನು ನಗರದ ಮೇಯರ್ ಸೊಕ್ರಾತೆಸ್ ಸ್ತಾರಿನ್ಕೆವಿಚ್, ರಷ್ಯದ ಜನರಲ್. ಕೆಲಸ 1881ರಲ್ಲಿ ಶುರುವಾಯಿತು, 1886ರಲ್ಲಿ ಶುದ್ಧ ನೀರು ಬಂತು. ಬಾಡಿಗೆ ಕಟ್ಟಡಗಳ ಮಾಲೀಕರು ಖರ್ಚು ಜಾಸ್ತಿ ಅಂತ ಗೊಣಗಿದರು. ಇದೆಲ್ಲ ಯಹೂದಿಗಳ ಸಂಚು, ಪೋಲಿಷ್ ರೈತನ ಗೊಬ್ಬರ ಹಾಳುಮಾಡುವ ಉಪಾಯ ಅಂತ ಒಂದು ಕಿರುಹೊತ್ತಗೆಯೂ ಅಚ್ಚಾಯಿತು. ಪ್ರೂಸ್ ನಿಂತದ್ದು ಚರಂಡಿಯ ಪಕ್ಷದಲ್ಲಿ. ದೇಶವನ್ನು ಆಳುತ್ತಿದ್ದವರ ಕಡೆಯ ಒಬ್ಬ ಜನರಲ್ ಮಾಡಿಸುವ ಕೆಲಸ ಅಂತ ಅವನು ಹಿಂಜರಿಯಲಿಲ್ಲ. ದಂಗೆಯಲ್ಲಿ ಗಾಯಗೊಂಡವನೊಬ್ಬ ಇದನ್ನು ಮಾಡುವುದು ಸಣ್ಣ ಮಾತಲ್ಲ. ಆ ಜನರಲ್ ಹೆಸರಿನ ಚೌಕ ವಾರ್ಸಾದಲ್ಲಿ ಇಂದಿಗೂ ಇದೆ.

ಅವನ ತಲೆಯಲ್ಲಿ ಇದ್ದದ್ದು ಇಂಗ್ಲಿಷ್ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್‌ನ ವಿಚಾರ. ಸಮಾಜ ಒಂದು ಜೀವಿ. ಅದರ ಒಂದು ಅಂಗ ಕೆಟ್ಟರೆ ಉಳಿದದ್ದೂ ಕೆಡುತ್ತದೆ. ಹಾಗಾಗಿ ಬಂದೂಕು ಹಿಡಿಯುವುದಕ್ಕಿಂತ ಶಾಲೆ, ಕಾರ್ಖಾನೆ, ಬ್ಯಾಂಕು, ಆಸ್ಪತ್ರೆ ಕಟ್ಟೋಣ ಅನ್ನುವುದು ದಂಗೆ ಸೋತ ಮೇಲಿನ ಪೋಲಿಷ್ ಪಾಸಿಟಿವಿಸ್ಟರ ನಿಲುವು. 1882ರಲ್ಲಿ ‘ನೊವಿನಿ’ ಅನ್ನುವ ದಿನಪತ್ರಿಕೆಯ ಸಂಪಾದಕನಾದಾಗ ಅದನ್ನು ‘ಸಾಮಾಜಿಕ ಸಂಗತಿಗಳ ವೀಕ್ಷಣಾಲಯ’ ಮಾಡುತ್ತೇನೆ ಅಂತ ಹೊರಟ. ನಕ್ಷತ್ರ ನೋಡುವವರ ಹಾಗೆ ಸಮಾಜವನ್ನು ದಿನವೂ ಅಳೆದು ಬರೆದಿಡುವ ಆಸೆ. ಒಂದು ವರ್ಷವೂ ತುಂಬಲಿಲ್ಲ, ಪತ್ರಿಕೆ ಮುಚ್ಚಿತು. ಓದುಗರಿಗೆ ವೀಕ್ಷಣಾಲಯ ಬೇಕಿರಲಿಲ್ಲ, ಪ್ರೂಸ್‌ನ ಹಾಸ್ಯ ಬೇಕಿತ್ತು ಅಂತ ನನ್ನ ಅನುಮಾನ.

ಈಗ ಅವನು ಮುಗ್ಗರಿಸಿದ ಕಡೆಗೆ ಬರೋಣ. 1878ರಲ್ಲಿ ವ್ವೊಜಿಮೆಶ್ ಸ್ಪಾಸೋವಿಚ್ ಅನ್ನುವ ವಿಮರ್ಶಕ, ಜನಪ್ರಿಯ ಕವಿ ವಿಂಟ್ಸೆಂತಿ ಪೋಲ್ ಬಗ್ಗೆ ವಾರ್ಸಾದಲ್ಲಿ ಭಾಷಣ ಮಾಡಿದ. ಅಲ್ಲಿ ವಿದ್ಯಾರ್ಥಿಗಳು ನಡೆದುಕೊಂಡ ರೀತಿಯನ್ನು ಪ್ರೂಸ್ ಅಂಕಣದಲ್ಲಿ ಗೇಲಿ ಮಾಡಿದ. ಮಾತು ವಾಪಸ್ ತೆಗೆದುಕೋ ಅಂತ ಅವರು ಪಟ್ಟು ಹಿಡಿದರು. ಇವನು ಒಪ್ಪಲಿಲ್ಲ. ಮಾರ್ಚ್ 26ರಂದು ಮನೆಯ ಹೊರಗೇ ಸುತ್ತುವರಿದರು, ಒಬ್ಬ ಕೆನ್ನೆಗೆ ಹೊಡೆದ. ಪೊಲೀಸರು ಬಂದರು, ಆದರೆ ಪ್ರೂಸ್ ದೂರು ಕೊಡಲಿಲ್ಲ. ಆಗಿನ ವಾರ್ಸಾದಲ್ಲಿ ದೂರು ಕೊಟ್ಟಿದ್ದರೆ ಪೋಲಿಷ್ ಹುಡುಗರನ್ನು ರಷ್ಯದ ಪೊಲೀಸರ ಕೈಗೆ ಒಪ್ಪಿಸಿದ ಹಾಗಾಗುತ್ತಿತ್ತು. ಹುಡುಗರು ಅವಿವೇಕಿಗಳು ಅನ್ನುವ ಅಭಿಪ್ರಾಯವನ್ನೂ ಬಿಡಲಿಲ್ಲ, ಅವರನ್ನು ಬಿಟ್ಟುಕೊಡಲೂ ಇಲ್ಲ. ಪ್ರೂಸ್ ಎಂಥ ಮನುಷ್ಯ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ರೈತರ ವಿಷಯದಲ್ಲಿ ಅಂಕಣಕ್ಕೂ ಕಥೆಗೂ ಇರುವ ಅಂತರ ಎದ್ದು ಕಾಣುತ್ತದೆ. ಹಳ್ಳಿಯ ಮೂಢನಂಬಿಕೆ, ಕೊಳಕು, ಓದು ಬರಹ ಇಲ್ಲದಿರುವುದು, ಇವೆಲ್ಲ ಅಂಕಣಕಾರನಿಗೆ ಸರಿಪಡಿಸಬೇಕಾದ ದೋಷಗಳು. ಅಲ್ಲಿ ಅವನದು ಮೇಷ್ಟರ ದನಿ. 1880ರ ‘ಆಂತೆಕ್’ ಕಥೆಯಲ್ಲಿ ನೋಡಿ. ಆಂತೆಕ್‌ನ ತಂಗಿ ರೊಜಾಲಿಯಾಗೆ ಜ್ವರ. ನಾಟಿ ವೈದ್ಯೆ ಅಜ್ಜಿ ಬಂದು, ಮಗು ಚೆನ್ನಾಗಿ ಬೆವರಬೇಕು, ಮೂರು ಸಲ ಮೇರಿ ಮಾತೆಯ ಪ್ರಾರ್ಥನೆ ಹೇಳುವಷ್ಟು ಹೊತ್ತು ಬ್ರೆಡ್ಡಿನ ಒಲೆಯೊಳಗೆ ಇಡಿ ಅನ್ನುತ್ತಾಳೆ. ಪೈನ್ ಮರದ ಹಲಗೆಯ ಮೇಲೆ ಮಲಗಿಸಿ ಹುಡುಗಿಯನ್ನು ಒಲೆಯೊಳಗೆ ತಳ್ಳುತ್ತಾರೆ. ಅವಳು ಕಿರುಚುತ್ತಾಳೆ. ದೊಡ್ಡವರು ಪ್ರಾರ್ಥನೆ ಹೇಳುತ್ತಾರೆ. ಹೊರಗೆ ತೆಗೆದಾಗ ಹುಡುಗಿ ಸತ್ತಿದ್ದಾಳೆ. ಇಷ್ಟೇ. ಆ ತಾಯಿ ಕೆಟ್ಟವಳಲ್ಲ, ಅಜ್ಜಿಯೂ ಕೆಟ್ಟವಳಲ್ಲ. ಅಂಕಣದಲ್ಲಾಗಿದ್ದರೆ ಮುಂದಿನ ಪ್ಯಾರಾದಲ್ಲಿ ಹಳ್ಳಿಗೊಬ್ಬ ವೈದ್ಯ ಬೇಕು ಅಂತ ಬರುತ್ತಿತ್ತು. ಕಥೆಯಲ್ಲಿ ಬೈಗುಳವೂ ಇಲ್ಲ, ಸಲಹೆಯೂ ಇಲ್ಲ. ಓದಿದವರ ಕೈಕಾಲು ತಣ್ಣಗಾಗುತ್ತದೆ, ಅಷ್ಟೇ. ಪೋಲೆಂಡಿನ ಶಾಲೆಗಳಲ್ಲಿ ಎಷ್ಟೋ ತಲೆಮಾರು ಈ ಕಥೆ ಓದಿಕೊಂಡು ಬೆಳೆದಿದೆ.

ಇದೇ ಕಣ್ಣು ಅವನ ವಿಮರ್ಶೆಯಲ್ಲೂ ಇದೆ. ಹೆನ್ರಿಕ್ ಶೆಂಕೆವಿಚ್‌ನ ಐತಿಹಾಸಿಕ ಕಾದಂಬರಿ ‘ಬೆಂಕಿ ಮತ್ತು ಕತ್ತಿ’ಗೆ ಇಡೀ ದೇಶ ಹುಚ್ಚೆದ್ದಿದ್ದಾಗ, 1884ರಲ್ಲಿ ಪ್ರೂಸ್ ದೀರ್ಘ ವಿಮರ್ಶೆ ಬರೆದ. ಬರವಣಿಗೆಯ ಸೊಗಸನ್ನು ಹೊಗಳಿ, ಇತಿಹಾಸ ಮಾತ್ರ ಸುಳ್ಳು ಅಂದ. ಉಕ್ರೇನಿನ ರೈತರು ಯಾಕೆ ದಂಗೆ ಎದ್ದರು, ಜಮೀನ್ದಾರರು ಏನು ಮಾಡಿದ್ದರು ಅನ್ನುವುದು ಪುಸ್ತಕದಲ್ಲಿ ಇಲ್ಲವಲ್ಲ ಅನ್ನುವುದು ಅವನ ತಕರಾರು. ಜನರ ಮೆಚ್ಚುಗೆಯ ಪ್ರವಾಹಕ್ಕೆ ಎದುರು ಈಜುವುದು ಅವನಿಗೆ ಕಷ್ಟವಾಗಿರಲಿಲ್ಲ.

ಹೆಂಗಸರ ವಿಷಯ. ಹುಡುಗಿಯರು ಓದಬೇಕು, ದುಡಿಯಬೇಕು, ತಮ್ಮ ಕಾಲ ಮೇಲೆ ನಿಲ್ಲಬೇಕು ಅನ್ನುವುದರಲ್ಲಿ ಅವನಿಗೆ ಅನುಮಾನ ಇರಲಿಲ್ಲ. ದಂಗೆಯ ನಂತರ ಎಷ್ಟೋ ಜಮೀನ್ದಾರ ಮನೆಗಳು ದಿವಾಳಿಯಾಗಿ ಹೆಣ್ಣುಮಕ್ಕಳು ಕೆಲಸ ಹುಡುಕಿಕೊಂಡು ವಾರ್ಸಾಕ್ಕೆ ಬಂದಿದ್ದರು. ಎಲ್ಲರೂ ಟೀಚರ್ ಆಗಲು ಹೊರಟರೆ ಸಂಬಳ ಇಳಿಯುತ್ತದೆ, ಬೇರೆ ಕಸುಬೂ ಕಲಿಸಿ ಅನ್ನುವ ಧಾಟಿಯ ಲೆಕ್ಕಾಚಾರ ಅವನದು. ಆದರೆ ವಿಶ್ವವಿದ್ಯಾಲಯದ ಬಾಗಿಲು ತೆಗೆಯಿರಿ, ನಮಗೂ ಸಮಾನ ಹಕ್ಕು ಕೊಡಿ ಅಂತ ಹೆಂಗಸರೇ ವೇದಿಕೆ ಹತ್ತಿದರೆ ಅವನಿಗೆ ನಗು ಬರುತ್ತಿತ್ತು. ಕೆಲಸದ ಮಾತು ಉಪಯೋಗದ ಲೆಕ್ಕಕ್ಕೆ ಸಿಗುತ್ತದೆ, ಹಕ್ಕಿನ ಮಾತು ಸಿಗುವುದಿಲ್ಲ, ಅಲ್ವಾ? ಅದೇ ವರ್ಷಗಳಲ್ಲಿ ವಾರ್ಸಾದ ಮನೆಗಳಲ್ಲಿ ಹೆಂಗಸರಿಗಾಗಿ ಗುಟ್ಟಾಗಿ ‘ಹಾರುವ ವಿಶ್ವವಿದ್ಯಾಲಯ’ ನಡೆಯುತ್ತಿತ್ತು. ಮುಂದೆ ಮೇರಿ ಕ್ಯೂರಿ ಆದ ಮರಿಯಾ ಸ್ಕ್ವೊದೊಫ್ಸ್ಕಾ ಅಲ್ಲಿ ಪಾಠ ಕೇಳಿದವಳು.

1890ರಿಂದ ಧಾರಾವಾಹಿಯಾಗಿ ಬಂದ ‘ಎಮಾಂತ್ಸಿಪಾಂತ್ಕಿ’ (ವಿಮೋಚಿತ ಹೆಂಗಸರು) ಕಾದಂಬರಿಯಲ್ಲಿ ಎರಡೂ ಪ್ರೂಸ್‌ಗಳು ಸಿಗುತ್ತಾರೆ. ಹಕ್ಕಿನ ಭಾಷಣ ಬಿಗಿಯುವ ಮಿಸ್ ಹೋವರ್ಡ್ ಬರೀ ವ್ಯಂಗ್ಯಚಿತ್ರ. ಅವಳು ಅಂಕಣದಿಂದ ಎದ್ದು ಬಂದ ಪಾತ್ರ, ಕಾದಂಬರಿಯ ತೀರಾ ಸಪ್ಪೆ ಭಾಗ ಅಂತ ನನ್ನ ಅಭಿಪ್ರಾಯ. ಹುಡುಗಿಯರ ಶಾಲೆ ನಡೆಸುವ ಶ್ರೀಮತಿ ಲ್ಯಾಟರ್ ಹಾಗಲ್ಲ. ಫೀಸು ಬಾಕಿ, ಸಾಲದ ಕಂತು, ದುಂದು ಮಾಡುವ ಮಗ, ಹೊರಗಿನವರ ಮುಂದೆ ಬಿಟ್ಟುಕೊಡಬಾರದ ಗತ್ತು. ಒಬ್ಬಳೇ ದುಡಿದು ಸಂಸಾರ ತೂಗಿಸುವ ಹೆಂಗಸು ಹೇಗೆ ಇಂಚಿಂಚಾಗಿ ಕುಸಿಯುತ್ತಾಳೆ ಅನ್ನುವುದನ್ನು ಅಷ್ಟು ಹತ್ತಿರದಿಂದ ನೋಡಿದ ಗಂಡಸು ಬರಹಗಾರರು ಆ ಕಾಲದಲ್ಲಿ ಕಡಿಮೆ. ಕೊನೆಗೆ ಅವಳು ನೀರಿನ ಪಾಲಾಗುತ್ತಾಳೆ.

ಯಹೂದಿಗಳ ಬಗ್ಗೆ ನೀವು ಕೇಳಿದ್ದಕ್ಕೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಆಗ ವಾರ್ಸಾದ ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದು ಭಾಗ ಯಹೂದಿಗಳು. ಪಾಸಿಟಿವಿಸ್ಟರು ಮೊದಮೊದಲು ಹೇಳಿದ್ದು ಇದು: ಅವರೂ ನಮ್ಮವರೇ, ಪೋಲಿಷ್ ಕಲಿಯಲಿ, ಹೊಸ ಶಾಲೆಗೆ ಬರಲಿ, ಎಲ್ಲ ಕಸುಬಿಗೂ ಇಳಿಯಲಿ, ಆಗ ಗೋಡೆ ತಾನಾಗಿಯೇ ಬೀಳುತ್ತದೆ. ಪ್ರೂಸ್ ಕೂಡ ಇದನ್ನೇ ನಂಬಿದ. ಧರ್ಮದ್ವೇಷ ಅವನಿಗೆ ಹಿಡಿಸುತ್ತಿರಲಿಲ್ಲ. ಬಡ ಯಹೂದಿಯ ಬಡತನ ಅವನ ಕಣ್ಣಿಗೆ ಬಡತನವಾಗಿಯೇ ಕಂಡಿತು. ಆದರೆ ಈ ನಿಲುವಿನಲ್ಲೇ ಒಂದು ತೊಡಕಿದೆ. ನೀವು ನಮ್ಮ ಥರ ಆದರೆ ನಮ್ಮವರು ಅನ್ನುವುದು ಆಮಂತ್ರಣವೂ ಹೌದು, ಷರತ್ತೂ ಹೌದು. ಅವರ ಭಾಷೆ, ಉಡುಪು, ರೂಢಿ ಇವೆಲ್ಲ ಹಾಗೆಯೇ ಉಳಿಯಬಹುದು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಇಡೀ ಸಮುದಾಯವನ್ನು ಒಂದೇ ಮುದ್ದೆ ಮಾಡಿ ‘ಯಹೂದಿಗಳು ಹೀಗೆ’ ಅನ್ನುವ ವಾಕ್ಯಗಳು ಅಂಕಣಗಳಲ್ಲಿ ಸಿಗುತ್ತವೆ. ವಯಸ್ಸಾದಂತೆ, ಯಹೂದಿ ರಾಷ್ಟ್ರೀಯತೆ ಬೆಳೆದಂತೆ, ಅವನ ದನಿ ಗಡುಸಾಯಿತು. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. 1883ರಲ್ಲಿ ಶುರುವಾದ ‘ರೋಲಾ’ ಪತ್ರಿಕೆಯಂಥ ಬಹಿರಂಗ ಯಹೂದಿದ್ವೇಷಿಗಳ ಗುಂಪಿಗೆ ಅವನು ಸೇರಲಿಲ್ಲ ಅನ್ನುವುದೂ ಅಷ್ಟೇ ನಿಜ.

‘ಲಾಲ್ಕಾ’ದ ಕಥೆ ನಡೆಯುವುದು 1878-79ರಲ್ಲಿ. ಅಲ್ಲಿ ಕಾದಂಬರಿಯ ನಾಯಕ ವೊಕುಲ್ಸ್ಕಿಯ ಅಂಗಡಿಯ ಹಳೆಯ ಗುಮಾಸ್ತ ಝೆತ್ಸ್ಕಿ ತನ್ನ ದಿನಚರಿಯಲ್ಲಿ ಬರೆಯುವ ಮಾತು ನೆನಪಿದೆಯೇ? ಒಂದು ವರ್ಷದಿಂದ ಯಹೂದಿಗಳ ಮೇಲೆ ಅಸಮಾಧಾನ ಜಾಸ್ತಿಯಾಗುತ್ತಿದೆ, ಕೆಲವು ವರ್ಷದ ಹಿಂದೆ ಅವರನ್ನು ಮೋಸೆಯ ಧರ್ಮದ ಪೋಲರು (ಪೋಲಿಷ್ ಜನ) ಅನ್ನುತ್ತಿದ್ದವರೇ ಈಗ ಯಹೂದಿಗಳು ಅನ್ನುತ್ತಿದ್ದಾರೆ ಅಂತ ಬರುತ್ತದೆ. ಅದೇ ಅಂಗಡಿಯಲ್ಲಿ ಯಹೂದಿ ಗುಮಾಸ್ತ ಶ್ಲಾಂಗ್‌ಬೌಮ್ ಇದ್ದಾನೆ. ಜೊತೆಯ ಗುಮಾಸ್ತರು ಅವನನ್ನು ದಿನವೂ ಕುಟುಕುತ್ತಾರೆ. ಕೊನೆಗೆ ಅಂಗಡಿ ಅವನದೇ ಆಗುತ್ತದೆ, ಆಗ ಅವನೂ ಕಲ್ಲಾಗುತ್ತಾನೆ. ಕಹಿ ನಾಲಗೆಯ ಡಾಕ್ಟರ್ ಶುಮಾನ್, ತಾನೂ ಯಹೂದಿ, ಎರಡೂ ಕಡೆಯವರನ್ನು ಬಿಡದೆ ಬೈಯುತ್ತಾನೆ. ಅಂಕಣದಲ್ಲಿ ಪ್ರೂಸ್ ಕೊಟ್ಟ ಪರಿಹಾರ ಇಲ್ಲಿ ಕಣ್ಣೆದುರೇ ಸೋಲುತ್ತದೆ. ಪೋಲರ ಹಾಗೆ ಬದುಕಲು ಹೊರಟವನನ್ನು ಪೋಲರೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಇದನ್ನು ಅಂಕಣದಲ್ಲಿ ಒಪ್ಪಿಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ವಾರ ವಾರವೂ ಧೈರ್ಯ ತುಂಬುವ ಕೆಲಸ ಅಂಕಣಕ್ಕಿತ್ತು. ಕಾದಂಬರಿಗೆ ಆ ಹೊರೆ ಇರಲಿಲ್ಲ.

ಕಾದಂಬರಿ ಬೇರೆ ಥರ ಕಾಣುತ್ತದೆಯೇ ಅಂದಿರಿ. ಖಂಡಿತ. ‘ಲಾಲ್ಕಾ’ ಬಂದದ್ದೇ ಪತ್ರಿಕೆಯಲ್ಲಿ, ‘ಕುರಿಯರ್ ತ್ಸೊಜೆನ್ನಿ’ಯಲ್ಲಿ 1887ರಿಂದ 1889ರವರೆಗೆ, ಅವನ ಅಂಕಣದ ಪಕ್ಕದಲ್ಲೇ. ಕಾದಂಬರಿಯಲ್ಲಿ ಒಬ್ಬ ಹೆಂಗಸಿನ ಮೇಲೆ ಬರುವ ಗೊಂಬೆ ಕದ್ದ ಆರೋಪದಂಥ ಮೊಕದ್ದಮೆ ವಿಯೆನ್ನಾದಲ್ಲಿ ನಿಜವಾಗಿ ನಡೆದದ್ದು. ಆ ಸುದ್ದಿಯ ಸುತ್ತ ಕಾದಂಬರಿ ಮನಸ್ಸಿನಲ್ಲಿ ಹೆಪ್ಪುಗಟ್ಟಿತು ಅಂತ ಪ್ರೂಸ್ ತಾನೇ ಹೇಳಿದ್ದಾನೆ. ಬೇರೆ ಅಂಕಣಕಾರ ಇದನ್ನು ಎರಡು ಸಾಲಿನ ತಮಾಷೆ ಮಾಡಿ ಬಿಡುತ್ತಿದ್ದ. ಪ್ರೂಸ್ ಕೋರ್ಟಿನಲ್ಲಿ ಗೊಂಬೆಯ ತಲೆ ಬಿಚ್ಚಿಸುತ್ತಾನೆ, ಒಳಗೆ ಅಂಗಡಿಯ ಗುರುತು ಸಿಗುತ್ತದೆ, ಬಡ ವಿಧವೆಯಂತೆ ಬದುಕುತ್ತಿದ್ದ ಹೆಂಗಸಿನ ಮಾನ ಉಳಿಯುತ್ತದೆ.

ವೊಕುಲ್ಸ್ಕಿ ನದಿಯ ದಂಡೆಯ ಪೊವಿಶ್ಲೆ ಬಡಾವಣೆಯಲ್ಲಿ ನಡೆಯುವ ಅಧ್ಯಾಯವನ್ನೂ ಇನ್ನೊಮ್ಮೆ ನೋಡಿ. ಕಸದ ಗುಡ್ಡ, ಕುಸಿಯುತ್ತಿರುವ ಗುಡಿಸಲು, ಕೆಲಸ ಇಲ್ಲದ ಜನ. ಅದು ಪೂರ್ತಿ ಅಂಕಣಕಾರನ ಕಣ್ಣು. ಅಲ್ಲಿ ಗಾಡಿ ಹೊಡೆಯುವ ವಿಸೋತ್ಸ್ಕಿ ಸಿಗುತ್ತಾನೆ. ಕುದುರೆ ಸತ್ತಿದೆ, ಮನೆಯಲ್ಲಿ ತಿನ್ನಲು ಇಲ್ಲ. ವೊಕುಲ್ಸ್ಕಿ ಹಣ ಕೊಡುತ್ತಾನೆ, ರೈಲ್ವೆಯಲ್ಲಿರುವ ಅವನ ತಮ್ಮನನ್ನು ಸ್ಕೆರ್ನೆವಿತ್ಸೆಗೆ ವರ್ಗ ಮಾಡಿಸುತ್ತಾನೆ. ಎಷ್ಟೋ ಪುಟಗಳಾದ ಮೇಲೆ ವೊಕುಲ್ಸ್ಕಿ ಸಾಯಲು ಹಳಿಯ ಮೇಲೆ ಮಲಗಿದಾಗ ಎಳೆದು ಉಳಿಸುವವನು ಆ ತಮ್ಮನೇ. ಒಬ್ಬರಿಗೆ ಮಾಡಿದ ಉಪಯೋಗ ಇಡೀ ಜೀವಿಗೆ ಮಾಡಿದ್ದು ಅನ್ನುವ ಸ್ಪೆನ್ಸರ್ ಪಾಠ ಇಲ್ಲಿ ಕಥೆಯಾಗಿದೆ. ಆದರೂ ಉಳಿದ ಜೀವ ಇಟ್ಟುಕೊಂಡು ವೊಕುಲ್ಸ್ಕಿಗೆ ಏನು ಮಾಡಬೇಕು ಅಂತ ಗೊತ್ತಿಲ್ಲ. ಅದು ಸ್ಪೆನ್ಸರ್‌ನಲ್ಲಿ ಇಲ್ಲ.

ದಂಗೆಯ ಮಾತು ಮಾತ್ರ ಇಲ್ಲೂ ಮುಚ್ಚುಮರೆ. ಆಗ ಏನು ಮಾಡುತ್ತಿದ್ದೆ ಅಂದರೆ ವೊಕುಲ್ಸ್ಕಿ, ಎಲ್ಲರ ಜೊತೆ ಸೇರಿ ಬಿಯರ್ ಕಾಯಿಸುತ್ತಿದ್ದೆ, ಅದನ್ನೇ ಇವತ್ತಿಗೂ ಕುಡಿಯುತ್ತಿದ್ದೇವೆ ಅನ್ನುವ ಹಾಗೆ ಉತ್ತರಿಸುತ್ತಾನೆ. ಬಿಯರ್ ಕಾಯಿಸುವುದು ಅಂದರೆ ತೊಂದರೆ ಮೈಮೇಲೆ ಎಳೆದುಕೊಳ್ಳುವುದು ಅಂತ ಪೋಲಿಷ್ ನುಡಿಗಟ್ಟು. ಪೋಲಿಷ್ ಓದುಗರಿಗೆ ಅಷ್ಟು ಸಾಕಿತ್ತು.

1905ರಲ್ಲಿ ರಷ್ಯದ ಸಾಮ್ರಾಜ್ಯ ಅಲುಗಾಡಿ ವಾರ್ಸಾದ ಬೀದಿಯಲ್ಲಿ ಮತ್ತೆ ಹುಡುಗರು ಪಿಸ್ತೂಲು ಹಿಡಿದಾಗ ಪ್ರೂಸ್‌ಗೆ ಅರುವತ್ತರ ಹತ್ತಿರ. ‘ಮಕ್ಕಳು’ ಅನ್ನುವ ಕಾದಂಬರಿ ಬರೆದ, 1908-09ರಲ್ಲಿ ಬಂತು. ಹೆಸರೇ ಅವನ ಧೋರಣೆ ಹೇಳುತ್ತದೆ. ಇಲ್ಲಿ ಮಾತ್ರ ಕಾದಂಬರಿಕಾರ ಅಂಕಣಕಾರನಿಗೆ ಸೋತಿದ್ದಾನೆ. ಹುಡುಗರ ಬಗ್ಗೆ ಮರುಕ ಇದೆ, ಅವರ ಕೋಪ ಎಲ್ಲಿಂದ ಬಂತು ಅನ್ನುವ ಕುತೂಹಲ ಇಲ್ಲ.

ಇಷ್ಟೆಲ್ಲ ಕೇಳಿ ಪ್ರೂಸ್ ಬರೀ ಉಪದೇಶದ ಆಸಾಮಿ ಅಂದುಕೊಳ್ಳಬೇಡಿ. ಬಯಲು, ಎತ್ತರ ಕಂಡರೆ ಹೆದರುವ ಕಾಯಿಲೆ ಅವನಿಗಿತ್ತು. 1895ರಲ್ಲಿ ಪ್ಯಾರಿಸ್‌ಗೆ ಹೋದಾಗ ಸೇನ್ ನದಿಯ ಸೇತುವೆ ದಾಟುವುದೇ ಕಷ್ಟವಾಯಿತು. ಅಂಥವನು ನಲವತ್ತು ದಾಟಿದ ಮೇಲೆ ಸೈಕಲ್ ಕಲಿತು ವಾರ್ಸಾದ ಸೈಕಲ್ ಸಂಘಕ್ಕೆ ಸೇರಿದ. 1887ರ ಆಗಸ್ಟಿನಲ್ಲಿ ಸೂರ್ಯಗ್ರಹಣ ನೋಡಲು ಮ್ವಾವಾ ಊರಿಗೆ ಹೋದ. ಆ ಗ್ರಹಣವೇ ಮುಂದೆ ಪ್ರಾಚೀನ ಈಜಿಪ್ಟಿನ ಕಥೆ ಹೇಳುವ ‘ಫರೋಹ’ ಕಾದಂಬರಿಯಲ್ಲಿ ಪುರೋಹಿತರ ಕೈಯ ಅಸ್ತ್ರವಾಯಿತು. ಯಾವಾಗ ಕತ್ತಲಾಗುತ್ತದೆ ಅನ್ನುವುದು ಅವರಿಗೆ ಗೊತ್ತು, ಗುಂಪಿಗೆ ಗೊತ್ತಿಲ್ಲ.

ಮುಂದೆ ಏನು ಓದಬೇಕು? ಅಂಕಣಗಳು ಪೋಲಿಷ್‌ನಲ್ಲಿ ಜಿಗ್ಮುಂಟ್ ಶ್ವೇಕೊಫ್ಸ್ಕಿ ಸಂಪಾದಿಸಿದ 20 ಸಂಪುಟಗಳಲ್ಲಿ 1953ರಿಂದ 1970ರವರೆಗೆ ಬಂದಿವೆ. ಇಂಗ್ಲಿಷಿಗೆ ಪೂರ್ತಿಯಾಗಿ ಬಂದಿಲ್ಲ. ಪೋಲಿಷ್ ಬಾರದವರಿಗೆ ನನ್ನ ಸಲಹೆ ಇಷ್ಟು: ‘ಲಾಲ್ಕಾ’ದಲ್ಲಿ ಝೆತ್ಸ್ಕಿಯ ದಿನಚರಿಯ ಅಧ್ಯಾಯಗಳನ್ನು ಮಾತ್ರ ಬಿಡಿಯಾಗಿ, ಸಾಲಾಗಿ ಇನ್ನೊಮ್ಮೆ ಓದಿ. ವಾರದ ಗಾಸಿಪ್ಪು, ರಾಜಕೀಯ, ಅಂಗಡಿಯ ಸುದ್ದಿ, ಒಂದರಿಂದ ಇನ್ನೊಂದಕ್ಕೆ ಹಾರುವ ಆ ನಡೆ ಪ್ರೂಸ್‌ನ ಅಂಕಣಕ್ಕೆ ತೀರಾ ಹತ್ತಿರ. ಆಮೇಲೆ 1882ರ ‘ಕಮಿಜೆಲ್ಕಾ’ ಅನ್ನುವ ಪುಟ್ಟ ಕಥೆ ಹುಡುಕಿ. ಕ್ಷಯದಿಂದ ಸೊರಗುತ್ತಿರುವ ಗಂಡ ತನ್ನ ಹಳೆಯ ವೇಸ್ಟ್‌ಕೋಟಿನ ಪಟ್ಟಿಯ ಬಕಲನ್ನು ದಿನಾ ಸ್ವಲ್ಪ ಸರಿಸಿ ಬಿಗಿ ಮಾಡುತ್ತಾನೆ, ತಾನು ಸಣ್ಣಗಾಗುತ್ತಿರುವುದು ಹೆಂಡತಿಗೆ ತಿಳಿಯಬಾರದು ಅಂತ. ಹೆಂಡತಿ ಗುಟ್ಟಾಗಿ ಅದೇ ಪಟ್ಟಿಯನ್ನು ಕತ್ತರಿಸಿ ಗಿಡ್ಡ ಮಾಡುತ್ತಿರುತ್ತಾಳೆ, ಅವನಿಗೆ ತಾನು ದಪ್ಪಗಾಗುತ್ತಿದ್ದೇನೆ ಅನಿಸಲಿ ಅಂತ. ಹತ್ತು ಪುಟವೂ ಇಲ್ಲ, ಒಂದೇ ಕೂತಲ್ಲಿ ಮುಗಿಯುತ್ತದೆ.